ಹದಿಮೂರು ಖಾನೆಯ ಫೈಲು, ಹದಿಮೂರು ಜಮಾ

ಹದಿನೆಂಟು ಡಾಲರಿನ ಪ್ಲಾಸ್ಟಿಕ್ ಫೈಲಿಗೆ ಇಷ್ಟುದ್ದದ ವಿಮರ್ಶೆ ಏಕಮ್ಮಾ ಎಂದು ಮಗಳು ಕೇಳಿದಳು. ಒಂದು ವರ್ಷ ಅದನ್ನು ಬಳಸಿದ್ದೇನೆ, ಬೈದಿದ್ದೇನೆ, ಹರಿದ ಕಡೆ ಟೇಪ್ ಅಂಟಿಸಿದ್ದೇನೆ. ಇನ್ನು ಬರೆಯಬಹುದು.

ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗುವ ಫೈಲು ಇದು. ಹದಿಮೂರು ಖಾನೆ, ಪ್ರತಿಯೊಂದಕ್ಕೂ ಬೇರೆ ಬಣ್ಣ, ಮೇಲೊಂದು ಮುಚ್ಚಳ, ಬಿಗಿಯಲು ಎಲಾಸ್ಟಿಕ್ ದಾರ. ಹಣೆಪಟ್ಟಿಗಳಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಅಚ್ಚಾಗಿದೆ. ಕೊನೆಯ ಖಾನೆಗೆ 'ತೆರಿಗೆ' ಎಂದು ಹೆಸರು. ಕರೆಂಟ್ ಬಿಲ್ಲು, ಕಾರಿನ ವಿಮೆ ಇಡುವವರಿಗೆಂದು ಮಾಡಿದ್ದು. ನಾನು ಕೊಂಡದ್ದು ತಮ್ಮನ ಲೆಕ್ಕಕ್ಕೆ. ಅವನ ಹಣದಿಂದಲೇ ಕೊಳ್ಳಬಹುದಿತ್ತೇನೋ, ಇನ್ನೊಂದು ರಶೀದಿಯ ಗೋಜು ಬೇಡವೆಂದು ನನ್ನ ಪರ್ಸಿನಿಂದಲೇ ಕೊಟ್ಟೆ.

ತಮ್ಮ ಅಮೆರಿಕದ ಸೇನೆಯಲ್ಲಿದ್ದವನು. 2006ರಲ್ಲಿ ಇರಾಕಿನಲ್ಲಿ ರಸ್ತೆಬದಿಯ ಬಾಂಬಿಗೆ ಸಿಕ್ಕಿದ. ಕೈಕಾಲು ಉಳಿದವು, ಅಂಕಿಗಳು ಹೋದವು. ಇಪ್ಪತ್ತು ಡಾಲರಿನ ನೋಟು ಕೊಟ್ಟರೆ ಎಷ್ಟು ಚಿಲ್ಲರೆ ಬರಬೇಕೆಂದು ಅವನಿಗೆ ಹೊಳೆಯುವುದಿಲ್ಲ. ಮಾಜಿ ಸೈನಿಕರ ಇಲಾಖೆ, ಇಲ್ಲಿ ಎಲ್ಲರೂ ವಿಎ ಎನ್ನುವ ಕಚೇರಿ, ಅವನಿಗೆ ಶೇಕಡಾ 100 ಅಂಗವಿಕಲತೆಯ ಪರಿಹಾರ ಕೊಡುತ್ತದೆ. ಆ ಹಣವನ್ನು ಅವನಿಗಾಗಿ ನೋಡಿಕೊಳ್ಳಲು ನನ್ನನ್ನು ಫಿಡ್ಯೂಷಿಯರಿಯಾಗಿ ನೇಮಿಸಿದೆ. ಬ್ಯಾಂಕ್ ಖಾತೆಯ ಮೇಲೆ ಅವನ ಹೆಸರು, 'ಇವರ ಮೂಲಕ' ಎಂದು ನನ್ನ ಹೆಸರು, ಪಕ್ಕದಲ್ಲಿ ಫೆಡರಲ್ ಫಿಡ್ಯೂಷಿಯರಿ ಎಂಬ ಬಿರುದು. ಸಂಬಳಕ್ಕೆ ಈ ಕೆಲಸ ಮಾಡುವವರಿಗೆ ತಿಂಗಳ ಪರಿಹಾರದಲ್ಲಿ ಶೇಕಡಾ 4ರ ಮಿತಿಯೊಳಗೆ ಶುಲ್ಕ ಉಂಟು. ನಾನು ಅಕ್ಕ, ನನಗೆ ಸಿಗುವುದು ಅವನು ಮಾಡಿಕೊಡುವ ಕಾಫಿ.

ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ನಮ್ಮ ಲೆಕ್ಕದ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31. ಮುಗಿದ ಮೂವತ್ತು ದಿನಗಳೊಳಗೆ 21ಪಿ-4706ಬಿ ಎಂಬ ನಮೂನೆ ಬ್ಯಾಂಕ್ ಸ್ಟೇಟ್‌ಮೆಂಟುಗಳ ಜೊತೆಗೆ ಹೋಗಬೇಕು. ಮೊದಲ ಸಲ ಅದನ್ನು ನೋಡಿದಾಗ ನನಗೆ ನಗು ಬಂತು. ಅಪ್ಪ ಹಾಸನ ಜಿಲ್ಲೆಯ ಹಳ್ಳಿಯೊಂದರ ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದವರು. ಆರಂಭದ ಶಿಲ್ಕು, ಜಮಾ, ಖರ್ಚು, ಅಖೈರು ಶಿಲ್ಕು: ಅಪ್ಪನ ಕಿರ್ದಿ ಪುಸ್ತಕವೇ ಇಂಗ್ಲಿಷಿನಲ್ಲಿ ಬಂದು ಮೇಜಿನ ಮೇಲೆ ಕುಳಿತಂತಿತ್ತು.

ಈಗ ಫೈಲಿನ ದೋಷಗಳಿಗೆ ಬರುತ್ತೇನೆ.

ನನ್ನ ವರ್ಷ ಸೆಪ್ಟೆಂಬರಿನಲ್ಲಿ ಹುಟ್ಟುತ್ತದೆ, ಫೈಲಿನದು ಜನವರಿಯಲ್ಲಿ. ಹಣೆಪಟ್ಟಿ ಕಿತ್ತು ಬೇರೆ ಅಂಟಿಸೋಣವೆಂದರೆ ಅದು ಪ್ಲಾಸ್ಟಿಕ್ಕಿನೊಳಗೇ ಅಚ್ಚಾದದ್ದು. ಬಿಳಿ ಟೇಪಿನ ಮೇಲೆ ಬರೆದೆ, ಒಂದು ತಿಂಗಳಲ್ಲಿ ಶಾಯಿ ಒರೆಸಿಹೋಯಿತು. ಎರಡನೆಯದು ಎಲಾಸ್ಟಿಕ್. ಫೆಬ್ರವರಿಯಲ್ಲಿ ಪಟ್ಟನೆ ಹರಿಯಿತು. ಈಗ ತಲೆಗೂದಲಿಗೆ ಕಟ್ಟುವ ಬ್ಯಾಂಡ್ ಹಾಕಿದ್ದೇನೆ, ಮೂಲದ್ದಕ್ಕಿಂತ ಗಟ್ಟಿಯಾಗಿದೆ. ರಶೀದಿಗಳು ಮಾಸಿದ್ದಕ್ಕೆ ಮಾತ್ರ ಫೈಲನ್ನು ಪೂರ್ತಿ ದೂರಲಾರೆ. ಅಂಗಡಿಯ ರಶೀದಿಗಳು ಶಾಖದಿಂದ ಅಚ್ಚಾಗುವ ಕಾಗದ, ನಾನು ಫೈಲನ್ನು ಇಟ್ಟದ್ದು ಬಿಸಿಲು ಬೀಳುವ ಅಡುಗೆಮನೆಯ ಕಿಟಕಿಯ ಬಳಿ. ಮೂರು ತಿಂಗಳಿಗೆ ಬೂಟಿನ ರಶೀದಿ ಬರಿಯ ಬಿಳಿ ಚೀಟಿಯಾಗಿತ್ತು. ರಶೀದಿಗಳನ್ನು ಲೆಕ್ಕದ ಜೊತೆ ಕಳುಹಿಸುವ ಅಗತ್ಯವಿಲ್ಲ, ಆದರೆ ವಿಎ ಕೇಳಿದರೆ ತೋರಿಸಬೇಕು. ಅಂದಿನಿಂದ ಯಾವ ರಶೀದಿಯೂ ಖಾನೆಗಿಳಿಯುವ ಮೊದಲು ಅದರ ನಕಲು ತೆಗೆಯುತ್ತೇನೆ.

ನಿಜವಾದ ಪೆಟ್ಟು ಕೊಟ್ಟದ್ದು ತಿಂಗಳಿಗೊಂದು ಖಾನೆ ಎಂಬ ಏರ್ಪಾಡೇ.

2024ರ ಸೆಪ್ಟೆಂಬರ್ ಮೊದಲ ವಾರ ಲೆಕ್ಕಕ್ಕೆ ಕುಳಿತೆ. ತಿಂಗಳಿಗೊಂದು ಪರಿಹಾರ, ಹನ್ನೆರಡು ತಿಂಗಳು, ಹನ್ನೆರಡು ಜಮಾ ಎಂದು ಬರೆದೆ. ಹಳೆಯ ದರದಲ್ಲಿ 3,621.95 ಡಾಲರಿನವು ನಾಲ್ಕು, ಶೇಕಡಾ 3.2 ಏರಿದ ಮೇಲೆ 3,737.85 ಡಾಲರಿನವು ಎಂಟು. ಬ್ಯಾಂಕಿನ ಶಿಲ್ಕು ನನ್ನ ಶಿಲ್ಕಿಗಿಂತ ಸರಿಯಾಗಿ 3,737 ಡಾಲರ್ 85 ಸೆಂಟ್ ಹೆಚ್ಚು. ಹಣ ಕಡಿಮೆಯಾದರೆ ಭಯ, ಹೆಚ್ಚಾದರೂ ಭಯವೇ ಎಂದು ಆ ರಾತ್ರಿ ತಿಳಿಯಿತು. ಇಲಾಖೆ ತಪ್ಪಿ ಎರಡು ಸಲ ಹಾಕಿತೇ? ಹಿಂದಿರುಗಿಸಬೇಕೇ? ಹನ್ನೊಂದೂವರೆಯವರೆಗೆ ಕೂಡಿ ಕಳೆದೆ.

ಖಾನೆಗಳನ್ನು ಮತ್ತೆ ತೆರೆದೆ. ಅಕ್ಟೋಬರಿನಲ್ಲಿ ಜಮಾ ಇಲ್ಲ. ಜನವರಿಯಲ್ಲಿ ಇಲ್ಲ. ಜೂನ್ ಕೂಡ ಖಾಲಿ. ಸೆಪ್ಟೆಂಬರ್, ಡಿಸೆಂಬರ್, ಮೇ, ಆಗಸ್ಟ್ ಖಾನೆಗಳಲ್ಲಿ ಎರಡೆರಡು. ಪರಿಹಾರ ಬರುವುದು ತಿಂಗಳ ಒಂದನೇ ತಾರೀಖು; ಅಂದು ರಜೆಯೋ ಶನಿವಾರ ಭಾನುವಾರವೋ ಆದರೆ ಹಿಂದಿನ ಕೆಲಸದ ದಿನವೇ ಬಂದುಬಿಡುತ್ತದೆ. 2024ರ ಸೆಪ್ಟೆಂಬರ್ 1 ಭಾನುವಾರ. ಹಾಗಾಗಿ ಆ ಹಣ ಆಗಸ್ಟ್ 30, ಶುಕ್ರವಾರವೇ ಖಾತೆ ಸೇರಿತ್ತು. ಹಿಂದಿನ ವರ್ಷದ ಸೆಪ್ಟೆಂಬರ್ 1 ಶುಕ್ರವಾರ, ಅಂದಿನದು ಅಂದೇ ಬಂದಿತ್ತು. ಹನ್ನೆರಡು ತಿಂಗಳಲ್ಲಿ ಹದಿಮೂರು ಜಮಾ, ಒಟ್ಟು 48,128.45 ಡಾಲರ್. ಯಾರ ತಪ್ಪೂ ಅಲ್ಲ, ಪಂಚಾಂಗದ ಆಟ.

ಅಪ್ಪ ರಶೀದಿಗಳನ್ನು ದಪ್ಪ ತಂತಿಯೊಂದಕ್ಕೆ ಚುಚ್ಚಿ ಗೋಡೆಗೆ ನೇತುಹಾಕುತ್ತಿದ್ದರು. ಕೆಳಗಿನದು ಹಳೆಯದು, ಮೇಲಿನದು ಹೊಸದು. ದಿನಾಂಕದ ಸಾಲು ಎಂದೂ ತಪ್ಪುತ್ತಿರಲಿಲ್ಲ. ಸೊಸೈಟಿಯ ಆಡಿಟರ್ ಬಂದರೆ ತಂತಿಯನ್ನೇ ಇಳಿಸಿ ಮುಂದಿಡುತ್ತಿದ್ದರು. ನನ್ನ ಫೈಲು ಚೆಂದಕ್ಕೆ ತಿಂಗಳು ವಿಂಗಡಿಸಿತು, ದಿನಾಂಕವನ್ನು ಖಾನೆಯೊಳಗೆ ಹೂತುಹಾಕಿತು. ತಂತಿಗೆ ಖರ್ಚು ನಾಲ್ಕಾಣೆಯೂ ಇರಲಿಲ್ಲ.

ಹಾಗಾದರೆ ಎಸೆಯಬೇಕೇ? ಇಲ್ಲ. ಅದಕ್ಕೊಂದು ಕಾರಣ ಹದಿಮೂರನೇ ಖಾನೆ. ಅಂಗವಿಕಲತೆಯ ಪರಿಹಾರಕ್ಕೆ ತೆರಿಗೆಯಿಲ್ಲ. ಆ ಹಣಕ್ಕೆ ಬ್ಯಾಂಕ್ ಕೊಡುವ ಬಡ್ಡಿಗೆ ಮಾತ್ರ ಇದೆ. ಹೀಗೆ 'ತೆರಿಗೆ' ಎಂಬ ಖಾನೆಗೆ ವರ್ಷಕ್ಕೊಂದೇ ಚೀಟಿ. ಉಳಿದ ಜಾಗದಲ್ಲಿ, ವಿಎ ಕಡೆಯಿಂದ ವಿಚಾರಿಸಲು ಮನೆಗೆ ಬರುವ ಫೀಲ್ಡ್ ಎಕ್ಸಾಮಿನರ್ ಕೇಳುವುದನ್ನೆಲ್ಲ ಇಟ್ಟೆ: ತಮ್ಮನ ಗುರುತಿನ ಚೀಟಿಯ ನಕಲು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ತಿಂಗಳ ಖರ್ಚಿನ ಅಂದಾಜು. ಹಿಂದಿನ ಭೇಟಿಯಲ್ಲಿ ಮಾತ್ರೆ ಡಬ್ಬಿಗಳನ್ನು ಮಡಿಲಲ್ಲಿ ಹೊತ್ತು ತಂದು ಮೇಜಿನ ಮೇಲೆ ಸುರಿದಿದ್ದೆ, ತಿರುಪತಿಯ ಹುಂಡಿಯಂತೆ.

ಇನ್ನೊಂದು ಕಾರಣವನ್ನು ಅಂಗಡಿಯವರು ಡಬ್ಬಿಯ ಮೇಲೆ ಬರೆದಿಲ್ಲ. ತಮ್ಮನಿಗೆ ಅಂಕಿ ಹಿಡಿಯುವುದಿಲ್ಲ, ಬಣ್ಣ ಹಿಡಿಯುತ್ತದೆ. ಇದಕ್ಕೆ ಮೊದಲು ರಶೀದಿಗಳು ನನ್ನ ಬಿಸ್ಕತ್ತಿನ ಡಬ್ಬದಲ್ಲಿದ್ದಾಗ ಅವನು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಫೈಲು ಬಂದ ಮೇಲೆ ಪ್ರತಿ ಭಾನುವಾರ ನನ್ನೆದುರು ಕೂರುತ್ತಾನೆ. "ಅಕ್ಕಾ, ಇದು ಯಾವ ಬಣ್ಣ?" ಎನ್ನುತ್ತಾನೆ, ಹೇಳಿದರೆ ತಾನೇ ಹಾಕುತ್ತಾನೆ. ಒಮ್ಮೆ ಇಂಡಿಯನ್ ಅಂಗಡಿಯ ರಶೀದಿಯಲ್ಲಿ ಅವನ ಶೇವಿಂಗ್ ಕ್ರೀಮಿನ ಕೆಳಗೆ ನನ್ನ ಹುಣಸೆಹಣ್ಣು ಕಂಡು, "ಇದು ನನ್ನದಲ್ಲ" ಎಂದ. ಅವನ ಹಣ, ನನ್ನ ಹಣ ಬೆರೆಯಬಾರದೆಂಬ ನಿಯಮವನ್ನು ನಾನು ಓದಿದ್ದೆ, ಅವನು ಪಾಲಿಸಿದ. ಈಗ ಕೌಂಟರಿನಲ್ಲಿ ಎರಡು ಬಿಲ್ಲು ಮಾಡಿಸುತ್ತೇನೆ. ಹಿಂದೆ ನಿಂತವರು ನಿಟ್ಟುಸಿರು ಬಿಡುತ್ತಾರೆ.

ಅಕ್ಟೋಬರಿನಲ್ಲಿ ಎಕ್ಸಾಮಿನರ್ ಬಂದರು. ನನ್ನನ್ನು ಬಿಟ್ಟು ಮೊದಲು ಅವನ ಜೊತೆ ಮಾತಾಡಿದರು. ಈ ವರ್ಷ ನಿಮಗಾಗಿ ಏನು ಕೊಂಡಿರಿ ಎಂದು ಕೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನು ಬಾಯಿ ಹಾಕಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಅವನು ಎದ್ದು, ಫೈಲಿನ ಹಸಿರು ಖಾನೆಗೆ ಕೈ ಹಾಕಿ, ಏಪ್ರಿಲಿನಲ್ಲಿ ಕೊಂಡ ಒರಗು ಕುರ್ಚಿಯ ರಶೀದಿ ತೆಗೆದು ಅವರ ಕೈಗೆ ಕೊಟ್ಟ. ಆಮೇಲೆ ಕುರ್ಚಿಯನ್ನು ತೋರಿಸಿದ. ಅವರು ಕುಳಿತು ನೋಡಲೇ ಎಂದರು, ಇವನು ತಲೆಯಾಡಿಸಿದ.

ಕೊಳ್ಳುವವರಿಗೆ ಹೇಳುವುದಿಷ್ಟೇ. ತಿಂಗಳು ಅಚ್ಚಾಗಿರದ, ಬರಿ ಬಣ್ಣದ ಖಾನೆಗಳಿರುವ ಫೈಲು ಸಿಕ್ಕರೆ ಅದನ್ನೇ ಕೊಳ್ಳಿ. ಜಮಾಗಳನ್ನು ಖಾನೆ ನೋಡಿ ಎಣಿಸಬೇಡಿ, ಬ್ಯಾಂಕಿನ ದಿನಾಂಕ ನೋಡಿ ಬರೆಯಿರಿ. ಜೊತೆಗೆ ಒಂದು ಗೆರೆ ಪುಸ್ತಕ ಇರಲಿ. ತಪ್ಪಿದರೆ ಅಳಿಸದೆ ಗೀಟು ಹಾಕಿ ಪಕ್ಕದಲ್ಲಿ ಬರೆಯಬೇಕು ಎನ್ನುತ್ತಿದ್ದರು ಅಪ್ಪ. ಕಿಟಕಿಯಿಂದ ದೂರವಿಡಿ.

ಐದರಲ್ಲಿ ಮೂರೂವರೆ ನಕ್ಷತ್ರ. ತಮ್ಮ ಐದು ಕೊಡು ಎನ್ನುತ್ತಿದ್ದಾನೆ, ಹರಿದ ಎಲಾಸ್ಟಿಕ್ ತೋರಿಸಿದರೂ ಕೇಳುತ್ತಿಲ್ಲ.