ವೇಲಂಟ್ ಆರೋಥರ್ಮ್ ಪ್ಲಸ್ ಹೀಟ್ ಪಂಪ್: ಯಂತ್ರಕ್ಕೆ ನಾಲ್ಕೂವರೆ ಸ್ಟಾರ್, ಹಾಕಿಕೊಟ್ಟವರ ಸೆಟ್ಟಿಂಗ್‌ಗೆ ಒಂದೂವರೆ

ಮನೆ ಬೆಚ್ಚಗಿಡಲು ಗ್ಯಾಸ್ ಬಾಯ್ಲರ್ ಬದಲು ಹಾಕುವ ಈ ಯಂತ್ರ ಚೆನ್ನಾಗಿದೆ. ಆದರೆ ಹಾಕಿದ ದಿನ ಯಾವ ಸೆಟ್ಟಿಂಗ್‌ನಲ್ಲಿ ಬಿಟ್ಟು ಹೋಗುತ್ತಾರೋ ಅದೇ ಸೆಟ್ಟಿಂಗ್‌ನಲ್ಲಿ ಓಡಿಸಿದರೆ, ಇಂಗ್ಲೆಂಡಿನಲ್ಲಿ ನೀವು ಗ್ಯಾಸ್ ಬಾಯ್ಲರ್ ಕಾಲದ ಬಿಲ್ಲನ್ನೇ ನೆನೆದು ನಿಟ್ಟುಸಿರು ಬಿಡಬೇಕಾಗುತ್ತದೆ. ಹೀಟ್ ಪಂಪ್ ದಂಡ ಅನ್ನುವವರು ನಮ್ಮ ಕನ್ನಡ ಬಳಗದಲ್ಲೇ ಹಲವರಿದ್ದಾರೆ. ಅವರ ಮನೆಗೆ ಹೋಗಿ ಕಂಟ್ರೋಲರ್ ನೋಡಿದರೆ ಹೆಚ್ಚಿನ ಕಡೆ ಕಾಯಿಲೆ ಒಂದೇ. ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ.

ನಮ್ಮದು ರೆಡಿಂಗ್‌ನಲ್ಲಿ 1970ರ ದಶಕದ ಸೆಮಿ, ಅಂದರೆ ಒಂದು ಪಕ್ಕದ ಗೋಡೆ ಇನ್ನೊಂದು ಮನೆಗೆ ಅಂಟಿದ ಮನೆ. ಮೂರು ಬೆಡ್‌ರೂಮ್, ಗೋಡೆಯೊಳಗೆ ಇನ್ಸುಲೇಶನ್ ತುಂಬಿಸಿದೆ, ಅಟ್ಟದಲ್ಲೂ ದಪ್ಪಗೆ ಹಾಸಿದೆ. ಮನೆಗೂ ಸ್ನಾನಕ್ಕೂ ಬಿಸಿ ಕೊಡುತ್ತಿದ್ದ ಹಳೆಯ ಕಾಂಬಿ ಗ್ಯಾಸ್ ಬಾಯ್ಲರ್ ತೆಗೆಸಿ ಆರೋಥರ್ಮ್ ಪ್ಲಸ್‌ನ 7 ಕಿಲೋವ್ಯಾಟ್ ಮಾಡೆಲ್ ಹಾಕಿಸಿದೆವು, ಜೊತೆಗೆ ಬಿಸಿನೀರಿನ ಸಿಲಿಂಡರ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಅಂತ ಸರ್ಕಾರದ ಸಹಾಯಧನ ಇದೆ. 2023ರ ಅಕ್ಟೋಬರ್‌ನಿಂದ ಅದರಲ್ಲಿ 7,500 ಪೌಂಡ್ ಸಿಗುತ್ತದೆ, ಮೊದಲು 5,000 ಇತ್ತು. ಹಾಕುವವರಿಗೆ ಎಂಸಿಎಸ್ ಅನ್ನುವ ಗುಣಮಟ್ಟದ ಸರ್ಟಿಫಿಕೇಟ್ ಇರಬೇಕು, ಅರ್ಜಿಯನ್ನೂ ಅವರೇ ಹಾಕುತ್ತಾರೆ. ದುಡ್ಡಿನ ಭಾಗ ಸಲೀಸಾಗಿಯೇ ಆಯಿತು.

ಇದು ಕೆಲಸ ಮಾಡುವುದು ನಮ್ಮ ಫ್ರಿಜ್, ಎಸಿ ಥರವೇ, ದಿಕ್ಕು ಮಾತ್ರ ಬೇರೆ. ಹೊರಗಿನ ತಣ್ಣನೆ ಗಾಳಿಯಲ್ಲೂ ಇರುವ ಶಾಖವನ್ನು ಹೀರಿ, ಕಂಪ್ರೆಸರ್‌ನಲ್ಲಿ ಒತ್ತಿ, ರೂಮುಗಳನ್ನು ಕಾಯಿಸುವ ಗೋಡೆಯ ಪ್ಯಾನೆಲ್‌ಗಳ, ಅಂದರೆ ರೇಡಿಯೇಟರ್‌ಗಳ, ನೀರಿಗೆ ಕೊಡುತ್ತದೆ. ಒಳಗಿರುವ ಗ್ಯಾಸ್ ಆರ್290, ಅಂದರೆ ಪ್ರೋಪೇನ್. ಬೇಕಾದರೆ 75 ಡಿಗ್ರಿವರೆಗೆ ನೀರು ಕಾಯಿಸಬಲ್ಲದು. ಬ್ರೋಷರ್‌ನಲ್ಲಿ ಇದನ್ನೇ ದೊಡ್ಡದಾಗಿ ಹಾಕಿದ್ದಾರೆ, ಎಡವಟ್ಟು ಶುರುವಾಗುವುದೂ ಇಲ್ಲಿಂದಲೇ! ಕಾಯಿಸಬಲ್ಲದು ಅಂತ ಕಾಯಿಸಬೇಕಾಗಿಲ್ಲ. ನೀರು ಎಷ್ಟು ಬಿಸಿಯಾಗಬೇಕೋ ಕಂಪ್ರೆಸರ್ ಅಷ್ಟು ಹೆಣಗಬೇಕು. ಒಂದು ಡಿಗ್ರಿ ಇಳಿಸಿದರೆ ಕರೆಂಟು ಶೇಕಡಾ ಎರಡು ಮೂರು ಉಳಿಯುತ್ತದೆ ಅಂತ ಈ ಕೆಲಸ ಗೊತ್ತಿರುವವರ ಲೆಕ್ಕ. ಹತ್ತು ಹದಿನೈದು ಡಿಗ್ರಿ ಇಳಿಸಿದರೆ ಬಿಲ್ಲಿನಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ.

ನಮಗೆ ಹಾಕಿಕೊಟ್ಟ ಕಂಪನಿಯವರು, ಹೆಸರು ಬೇಡ, ಪೈಪ್ ಕೆಲಸ ಅಚ್ಚುಕಟ್ಟಾಗಿ ಮಾಡಿದರು. ರೇಡಿಯೇಟರ್ ಕೂಡ ದೊಡ್ಡವು ಹಾಕಿದರು, ಹೆಚ್ಚಿನವು ಎರಡು ಪ್ಯಾನೆಲ್‌ನವು. ಆಮೇಲೆ ಹೊರಡುವ ಹೊತ್ತಿಗೆ ನೀರಿನ ತಾಪ 50ಕ್ಕೆ ಕಟ್ಟಿ, ಹಾಲ್‌ನಲ್ಲಿ ಥರ್ಮೋಸ್ಟಾಟ್ ಇಟ್ಟು, ಬೆಳಿಗ್ಗೆ ಎರಡು ಗಂಟೆ ಹೊತ್ತು, ಸಂಜೆ ನಾಲ್ಕು ಗಂಟೆ ಹೊತ್ತು ಮಾತ್ರ ಓಡುವಂತೆ ಟೈಮರ್ ಹಾಕಿ, ಕೈ ಕುಲುಕಿ ಹೋಗಿಬಿಟ್ಟರು. ಹೊರಗೆ ಮೈನಸ್ ಎರಡಿದ್ದರೂ 50, ಹನ್ನೆರಡಿದ್ದರೂ 50. ಬಾಯ್ಲರ್ ಬುದ್ಧಿಯನ್ನು ಹೀಟ್ ಪಂಪ್‌ಗೆ ಹಚ್ಚಿದ ಹಾಗೆ. ಆಗಿದ್ದೇನೆಂದರೆ, ಬೆಳಿಗ್ಗೆ ತಣ್ಣಗಾಗಿ ಬಿದ್ದಿದ್ದ ಮನೆಯನ್ನು ಎರಡೇ ಗಂಟೆಯಲ್ಲಿ ಎತ್ತಲು ಯಂತ್ರ ಏದುಸಿರು ಬಿಡುತ್ತಿತ್ತು, ಸಂಜೆ ಹಾಲ್ ಬೇಗ ಕಾದು ಥರ್ಮೋಸ್ಟಾಟ್ ಕಟ್ ಆದರೆ ಮೇಲಿನ ರೂಮುಗಳು ತಣ್ಣಗೇ ಉಳಿಯುತ್ತಿದ್ದವು, ಸ್ವಲ್ಪ ಹೊತ್ತಿಗೆ ಮತ್ತೆ ಆನ್, ಮತ್ತೆ ಆಫ್. ಫೋನ್ ಮಾಡಿದರೆ "ಎಲ್ಲ ಸರಿಯಾಗಿದೆ, ಯಂತ್ರದಲ್ಲಿ ಎರರ್ ಇಲ್ಲ" ಅನ್ನುವ ಉತ್ತರ. ಎರರ್ ಇರಲಿಲ್ಲ ನಿಜ, ದುಡ್ಡು ಮಾತ್ರ ಹರಿದು ಹೋಗುತ್ತಿತ್ತು.

ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಬರುತ್ತದೆ ಅನ್ನುವುದೇ ಸಿಒಪಿ. ಆ ಚಳಿಗಾಲದ ಶುರುವಿನಲ್ಲಿ ನಮ್ಮದು ಮೂರಕ್ಕಿಂತ ಕೆಳಗಿತ್ತು. ಈ ದೇಶದಲ್ಲಿ ಅದು ಯಾಕೆ ಸಾಲದು ಗೊತ್ತಾ? ಇಲ್ಲಿ ಕರೆಂಟಿನ ಯೂನಿಟ್ ಬೆಲೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು. ಬಾಯ್ಲರ್‌ನಲ್ಲೂ ಶೇಕಡಾ ಹತ್ತು ಹದಿನೈದು ಹಾಳಾಗುತ್ತದೆ ಅಂತ ಹಿಡಿದರೂ, ಮೂರೂವರೆಯ ಮೇಲೆ ಹೋದರೇ ಗ್ಯಾಸಿಗೆ ಸಮ. ಅಲ್ಲಿಂದ ಆಚೆಗೆ ಉಳಿತಾಯ.

ಈಗ ಸೆನ್ಸೋಕಂಫರ್ಟ್ ಕಂಟ್ರೋಲರ್ ವಿಷಯ. ಗೋಡೆ ಮೇಲಿನ ಆ ಕಪ್ಪು ಡಬ್ಬಿಯೇ ಇಡೀ ಆಟದ ಸೂತ್ರ. ಹೊರಗೆ ಗೋಡೆಗೆ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದು ಹೊರಗಿನ ಚಳಿ ಅಳೆಯುತ್ತದೆ, ಚಳಿ ಜಾಸ್ತಿಯಾದಷ್ಟೂ ರೇಡಿಯೇಟರ್ ನೀರು ಬಿಸಿ, ಕಡಿಮೆಯಾದರೆ ತಣ್ಣಗೆ. ಇದಕ್ಕೆ ವೆದರ್ ಕಾಂಪೆನ್ಸೇಶನ್ ಅನ್ನುತ್ತಾರೆ. ಎಷ್ಟು ಚಳಿಗೆ ಎಷ್ಟು ಬಿಸಿ ಅನ್ನುವುದನ್ನು ಹೀಟ್ ಕರ್ವ್ ನಿರ್ಧರಿಸುತ್ತದೆ. ಡೈಕಿನ್, ಮಿತ್ಸುಬಿಷಿಯವುಗಳಲ್ಲಿ ಎರಡು ತುದಿಯ ತಾಪ ಕೊಟ್ಟು ಗೆರೆ ಎಳೆಯಬೇಕು, ಇದರಲ್ಲಿ ಒಂದೇ ನಂಬರ್: 0.1ರಿಂದ 4.0ವರೆಗೆ. ನನಗೆ ಈ ಒಂದು ನಂಬರ್ ಪದ್ಧತಿಯೇ ಇಷ್ಟ. ರೂಮ್ ತಾಪ 20 ಅಂತ ಇಟ್ಟು ಕರ್ವ್ 0.7 ಕೊಟ್ಟರೆ, ಹೊರಗೆ ಸೊನ್ನೆ ಇದ್ದಾಗ ನೀರು ಸುಮಾರು 40, ಹೊರಗೆ ಹತ್ತಿದ್ದರೆ 32ರ ಆಸುಪಾಸು. ಅದೇ 1.2 ಕೊಟ್ಟರೆ ಸೊನ್ನೆಯಲ್ಲಿ 50 ದಾಟುತ್ತದೆ.

ನಾನು ಮಾಡಿದ್ದು ಇಷ್ಟು. ಟೈಮರ್ ಕಿತ್ತು ಹಾಕಿದೆ. ಬೆಡ್‌ರೂಮಿನ ಒಂದೆರಡು ಬಿಟ್ಟು ರೇಡಿಯೇಟರ್ ಮೇಲೆ ರೂಮಿನ ತಾಪ ನೋಡಿ ನೀರು ತಡೆಯುವ ಟಿಆರ್‌ವಿ ವಾಲ್ವ್‌ಗಳನ್ನು ಪೂರ್ತಿ ತೆರೆದೆ. ರೂಮಿಗೊಂದು ರೂಮಿಗೊಂದು ಅಂತ ಮುಚ್ಚುತ್ತಾ ಹೋದರೆ ನೀರು ಹರಿಯಲು ಜಾಗ ಸಾಲದೆ ಕಂಪ್ರೆಸರ್ ಪದೇ ಪದೇ ನಿಂತು ಓಡುತ್ತದೆ, ಅದೇ ಅದರ ಆಯಸ್ಸಿಗೂ ಬಿಲ್ಲಿಗೂ ಪೆಟ್ಟು. ಆಮೇಲೆ ಕರ್ವ್ ಅನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದೆ, ಒಂದು ಸಲ ಇಳಿಸಿದರೆ ಎರಡು ಮೂರು ದಿನ ಮುಟ್ಟದೆ ಬಿಡುವುದು, ಏಕೆಂದರೆ ಇಟ್ಟಿಗೆ ಗೋಡೆಯ ಮನೆ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ತಣಿಯುತ್ತದೆ, ಅರ್ಧ ದಿನದಲ್ಲಿ ತೀರ್ಪು ಕೊಟ್ಟರೆ ಅದು ಸುಳ್ಳು ತೀರ್ಪು. ಚಳಿ ದಿನವೇ ಪರೀಕ್ಷೆ ಮಾಡಬೇಕು ಅನ್ನುವುದೂ ಮುಖ್ಯ. ಮನೆ ತಣ್ಣಗನ್ನಿಸಿದ ಕಡೆಯಿಂದ ಒಂದು ಹೆಜ್ಜೆ ಮೇಲೆ ಬಂದರೆ ನಿಮ್ಮ ನಂಬರ್ ಸಿಕ್ಕಿತು. ನಮ್ಮದು 0.65ಕ್ಕೆ ನಿಂತಿದೆ. ನಿಮ್ಮದು ಬೇರೆಯೇ ಇರುತ್ತದೆ, ನನ್ನದನ್ನು ಕಾಪಿ ಹೊಡೆಯಬೇಡಿ.

ರೂಮ್ ಟೆಂಪರೇಚರ್ ಮಾಡ್ಯುಲೇಶನ್ ಅಂತ ಇನ್ನೊಂದು ಮೆನು ಇದೆ, ಮೂರು ಆಯ್ಕೆ. ಇನ್‌ಆಕ್ಟಿವ್ ಅಂದರೆ ಬರೀ ಹೊರಗಿನ ಚಳಿ ನೋಡಿ ಓಡುತ್ತದೆ. ಆಕ್ಟಿವ್ ಅಂದರೆ ಒಳಗಿನ ತಾಪ ನೋಡಿ ನೀರನ್ನು ಸ್ವಲ್ಪ ಏರಿಸಿ ಇಳಿಸುತ್ತದೆ. ಎಕ್ಸ್‌ಪ್ಯಾಂಡೆಡ್ ಇಟ್ಟರೆ ರೂಮು ಕಾದ ಕೂಡಲೇ ಹೀಟಿಂಗ್ ನಿಲ್ಲಿಸಿಬಿಡುತ್ತದೆ, ಅಂದರೆ ಹಳೇ ಥರ್ಮೋಸ್ಟಾಟ್ ಕಥೆಯೇ. ನಮ್ಮ ಮನೆಯ ಮುಂದಿನ ರೂಮಿಗೆ ದೊಡ್ಡ ಕಿಟಕಿ, ಬಿಸಿಲು ಬಂದರೆ ಬೇಗ ಕಾಯುತ್ತದೆ, ಅದಕ್ಕೆ ಆಕ್ಟಿವ್ ಸರಿಹೋಯಿತು. ರಾತ್ರಿ ಪೂರ್ತಿ ಆಫ್ ಮಾಡುವುದಿಲ್ಲ, ಎರಡು ಡಿಗ್ರಿ ಇಳಿಸುವುದು ಅಷ್ಟೇ. ಹಂಡೆ ಒಲೆಯಲ್ಲಿ ಕೆಂಡ ಆರದ ಹಾಗೆ ನೋಡಿಕೊಂಡರೆ ಬೆಳಿಗ್ಗೆ ನೀರಿಗೆ ಹೆಚ್ಚು ಸೌದೆ ಬೇಡ, ಹಾಗೇ ಇದು.

ಇದಾದ ಮೇಲೆ ಸಿಒಪಿ ಮೂರೂ ಮುಕ್ಕಾಲಿನ ಹತ್ತಿರ ಬಂತು. ಮನೆಯೊಳಗೆ ಹಗಲು ರಾತ್ರಿ ಒಂದೇ ಹದ. ಚಳಿಗಾಲದಲ್ಲಿ ಹಾಸನದಿಂದ ಬಂದಿದ್ದ ಅಮ್ಮ ರೇಡಿಯೇಟರ್ ಮುಟ್ಟಿ ನೋಡಿ "ಏನೋ ಇದು, ಕೈ ಇಟ್ಟರೆ ಬಿಸೀನೇ ಇಲ್ಲ, ಕೆಟ್ಟು ಹೋಗಿದೆಯೇನೋ?" ಅಂದರು. "ಸ್ವೆಟರ್ ಯಾಕಮ್ಮ ಬಿಚ್ಚಿಟ್ಟಿದೀರಿ ಮತ್ತೆ?" ಅಂದೆ. ಅವರು ಒಪ್ಪಲಿಲ್ಲ ಬಿಡಿ, ಒಗೆದ ಬಟ್ಟೆ ಬೇಗ ಒಣಗುವುದಿಲ್ಲ ಅಂತ ಹೋಗುವವರೆಗೂ ದೂರು. ಅದೂ ನಿಜವೇ, ಕುದಿಯುವ ರೇಡಿಯೇಟರ್ ಮೇಲೆ ಬಟ್ಟೆ ಹಾಕುವ ಸುಖ ಇದರಲ್ಲಿಲ್ಲ.

ಬಿಸಿನೀರು: ಸಿಲಿಂಡರ್ 48ಕ್ಕೆ, ಇಕೋ ಮೋಡ್‌ನಲ್ಲಿ. ಸ್ನಾನಕ್ಕೆ ಧಾರಾಳ. ಲೀಜನೆಲ್ಲಾ ಬ್ಯಾಕ್ಟೀರಿಯಾ ಬರಬಾರದು ಅಂತ ವಾರಕ್ಕೊಮ್ಮೆ 60ಕ್ಕೆ ಕಾಯಿಸುವ ಸೆಟ್ಟಿಂಗ್ ಇದೆ, ಅದನ್ನು ಕರೆಂಟು ಉಳಿಸಲು ಹೋಗಿ ತೆಗೆಯಬೇಡಿ. ನೀರು ಕಾಯಿಸುವುದನ್ನು ಮಾತ್ರ ಟೈಮಿಗೆ ಕಟ್ಟಬಹುದು. ಆಕ್ಟೋಪಸ್ ಅನ್ನುವ ಕರೆಂಟು ಕಂಪನಿಯ ಕೋಝಿ ಟ್ಯಾರಿಫ್‌ನಂಥವುಗಳಲ್ಲಿ ದಿನದ ಕೆಲವು ಹೊತ್ತು ಕರೆಂಟು ಅಗ್ಗ, ಸಂಜೆ ದುಬಾರಿ. ಅಗ್ಗದ ಹೊತ್ತಿಗೆ ಸಿಲಿಂಡರ್ ತುಂಬಿಸಿಕೊಳ್ಳಿ. ಹೀಟಿಂಗನ್ನು ಹಾಗೆ ಎಳೆದಾಡಿದರೆ ಗಿಟ್ಟುತ್ತದಾ ಅನ್ನುವುದು ಮನೆ ಎಷ್ಟು ಹೊತ್ತು ಬಿಸಿ ಹಿಡಿಯುತ್ತದೆ ಅನ್ನುವುದರ ಮೇಲೆ. ನಮ್ಮ ಮನೆಯಲ್ಲಿ ಗಿಟ್ಟಲಿಲ್ಲ.

ಸದ್ದು ಬಹಳ ಕಡಿಮೆ. ಪಕ್ಕದ ಮನೆಯವರು ಈವರೆಗೆ ಏನೂ ಅಂದಿಲ್ಲ, ಇಂಗ್ಲಿಷರು ಅನ್ನುವುದೂ ಇಲ್ಲ ಬಿಡಿ. ಸೊನ್ನೆಯಿಂದ ಐದರ ಮಧ್ಯೆ, ತೇವದ ದಿನಗಳಲ್ಲಿ, ಹೊರಗಿನ ಯೂನಿಟ್ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ತಾನೇ ಕೆಲವು ನಿಮಿಷ ಉಲ್ಟಾ ಓಡುತ್ತದೆ, ಆಗ ಬುಸ್ಸೆಂದು ಆವಿ ಏಳುತ್ತದೆ. ಬೆಂಕಿಯಲ್ಲ, ಗಾಬರಿ ಬೇಡ. ನೀರು ಕಾಲುದಾರಿಗೆ ಹರಿದು ಮಂಜುಗಡ್ಡೆಯಾಗದಂತೆ ಜಲ್ಲಿಕಲ್ಲಿನ ಗುಂಡಿಯೊಂದು ಮಾಡಿಸಿಕೊಳ್ಳಿ.

ಅರ್ಧ ಸ್ಟಾರ್ ಕಡಿತ ಯಾಕೆಂದರೆ, ಬೇಕಾದ ಸೆಟ್ಟಿಂಗ್ ಎಲ್ಲ ಇನ್‌ಸ್ಟಾಲರ್ ಮೆನುವಿನ ಒಳಗೆ ಕೂತಿದೆ. ಆ್ಯಪ್‌ನಲ್ಲಿ ದಿನ ನಿತ್ಯದ್ದು ಸಾಕಷ್ಟಿದ್ದರೂ ಮನೆಯವರು ಮೊದಲು ಮುಟ್ಟಬೇಕಾದದ್ದು ಕೈಗೆ ಸುಲಭವಾಗಿ ಸಿಗುವುದಿಲ್ಲ.

ಹಾಕಿಸಬೇಕು ಅಂತಿದ್ದರೆ ಕೊಟೇಶನ್ ತೆಗೆದುಕೊಳ್ಳುವಾಗಲೇ ಒಂದು ಪ್ರಶ್ನೆ ಕೇಳಿ: ನಮ್ಮ ಊರಿನ ಕೆಟ್ಟ ಚಳಿಯ ದಿನ ರೇಡಿಯೇಟರ್‌ಗೆ ಎಷ್ಟು ಡಿಗ್ರಿ ನೀರು ಬೇಕು ಅಂತ ಲೆಕ್ಕ ಹಾಕಿದ್ದೀರಿ? 45 ಅಥವಾ ಅದಕ್ಕಿಂತ ಕಡಿಮೆ ಅಂದರೆ ಮಾತು ಮುಂದುವರಿಸಿ. 55 ಅಂದರೆ ದೊಡ್ಡ ರೇಡಿಯೇಟರ್‌ಗೆ ಎಷ್ಟಾಗುತ್ತದೆ ಅಂತ ಇನ್ನೊಂದು ಕೊಟೇಶನ್ ಕೇಳಿ. ಯಾವ ರೂಮಿಗೆ ಎಷ್ಟು ಶಾಖ ಬೇಕು ಅನ್ನುವ ಲೆಕ್ಕದ ಹಾಳೆ ಕೊಡದವರಿಗೆ ಅಡ್ವಾನ್ಸ್ ಕೊಡಬೇಡಿ, ಇನ್‌ಸ್ಟಾಲರ್ ಮೆನು ತೆರೆಯುವ ಕೋಡನ್ನು ಅವರು ಹೊರಡುವ ಮುಂಚೆ ಬರೆಸಿಕೊಳ್ಳಿ.