ಕಾಳೀಘಾಟ್‌ನ ನಿರ್ಮಲ ಹೃದಯದಲ್ಲಿ ಒಂದು ವಾರದ ಸ್ವಯಂಸೇವೆ

ಕೋಲ್ಕತ್ತಾದ ಕಾಳಿ ದೇವಾಲಯದ ಮಗ್ಗುಲಲ್ಲಿರುವ ‘ನಿರ್ಮಲ ಹೃದಯ’ವು, ಬೀದಿಯಲ್ಲಿ ಪ್ರಾಣ ಬಿಡುತ್ತಿದ್ದ ನಿರ್ಗತಿಕರಿಗಾಗಿ ಮದರ್ ತೆರೇಸಾ ಅವರು 1952ರಲ್ಲಿ ತೆರೆದ ಆಶ್ರಯಧಾಮ. ಇಲ್ಲಿನ ಸ್ವಯಂಸೇವೆಗೆ ಶುಲ್ಕವಿಲ್ಲ. ವಸತಿಯನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು. ಇದನ್ನು ಅರಿಯದೆ ಮಧ್ಯವರ್ತಿಯೊಬ್ಬರಿಗೆ ‘ನೋಂದಣಿ ವೆಚ್ಚ’ವೆಂದು ಹಣ ತೆತ್ತದ್ದು ನನ್ನ ದಡ್ಡತನ.

ಬೆಳಿಗ್ಗೆ ಎ.ಜೆ.ಸಿ. ಬೋಸ್ ರಸ್ತೆಯಲ್ಲಿರುವ, ಮದರ್ ತೆರೇಸಾ ಅವರ ಸಂಸ್ಥೆಯ ಕೇಂದ್ರವಾದ ಮದರ್ ಹೌಸ್‌ನಲ್ಲಿ ಬ್ರೆಡ್ಡು, ಬಾಳೆಹಣ್ಣು, ಚಹಾ ಮುಗಿಸಿ ಬಸ್ಸು ಹಿಡಿದು ಕಾಳೀಘಾಟ್ ತಲುಪಿದರೆ, ಮೊದಲು ಎದುರಾಗುವುದು ಬಟ್ಟೆ ಒಗೆಯುವ ಕೆಲಸ. ರೋಗಿಗಳ ಹೊದಿಕೆಗಳನ್ನು ಕೈಯಿಂದಲೇ ಒಗೆದು, ಇಬ್ಬರು ಎದುರುಬದುರು ನಿಂತು ಹಿಂಡಿ, ಒಣಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಬಡವರ ಸೇವೆಯೆಂದರೆ ಕೈಹಿಡಿದು ಸಾಂತ್ವನ ಹೇಳುವುದೆಂದು ಭಾವಿಸಿ ಬಂದ ನನ್ನಂಥವರಿಗೆ ಇದು ಒಳ್ಳೆಯ ಔಷಧ. ಬಳಿಕ ಊಟ ಬಡಿಸುವುದು, ತಾವಾಗಿ ಉಣ್ಣಲಾರದವರಿಗೆ ತುತ್ತು ಉಣಿಸುವುದು, ಪಾತ್ರೆ ತೊಳೆಯುವುದು. ಬಂಗಾಳಿ ಬಾರದ ನನಗೆ ‘ಜೊಲ್’ ಎಂದರೆ ನೀರು ಎಂಬಷ್ಟು ತಿಳಿದದ್ದೇ ಬಹಳ ನೆರವಾಯಿತು.

ಇಲ್ಲಿನ ವೈದ್ಯಕೀಯ ಆರೈಕೆಯ ಕುರಿತ ಟೀಕೆ ಹಳೆಯದು. ನೋವು ಶಮನಕ್ಕೆ ಬಲವಾದ ಔಷಧಗಳ ಕೊರತೆಯಿದೆ ಎಂದು ‘ದಿ ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ 1994ರಲ್ಲೇ ಬರೆದಿದ್ದರು. ತರಬೇತಿಯಿಲ್ಲದವರು ಗಾಯ ಶುಶ್ರೂಷೆಗೆ ಕೈಹಾಕದೆ ಒಗೆಯುವ ಕಲ್ಲಿನ ಬಳಿಯೇ ಉಳಿಯುವುದು ಲೇಸೆಂಬುದು ನನ್ನ ಅಭಿಪ್ರಾಯ. ಒಂದು ವಾರ ತೀರಾ ಕಡಿಮೆ. ರೋಗಿಗಳ ಮುಖಪರಿಚಯವಾಗುವ ಹೊತ್ತಿಗೆ ನಾನು ಹೌರಾ ನಿಲ್ದಾಣದಲ್ಲಿದ್ದೆ. ಹೋಗುವವರು ಕನಿಷ್ಠ ಮೂರು ವಾರಗಳ ಬಿಡುವು ಮಾಡಿಕೊಂಡು, ನೆನೆದರೂ ಚಿಂತೆಯಿಲ್ಲದ ಹಳೆಯ ಬಟ್ಟೆಗಳನ್ನು ಒಯ್ಯಲಿ.