ಹಿಂದೆ 4.10, ಮುಂದೆ 3.73: ಆಕ್ಸಲ್ ಗೇರ್ ಬದಲಾಯಿಸುವವರು ದಯವಿಟ್ಟು ಗಮನಿಸಿ

ಫೋರ್‌ವೀಲ್ ಡ್ರೈವ್ ವಾಹನದ ಆಕ್ಸಲ್ ಗೇರ್ ಬದಲಾಯಿಸಲು ವರ್ಕ್‌ಶಾಪ್‌ಗೆ ಕೊಟ್ಟಿದ್ದೀರಾ? ಅಥವಾ ಈಗಷ್ಟೇ ಬಿಡಿಸಿಕೊಂಡು ಬಂದಿದ್ದೀರಾ? ಹಾಗಿದ್ದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ) ಒಂದೇ ಎಂದು ಕಣ್ಣಾರೆ ಕಂಡುಕೊಳ್ಳುವವರೆಗೆ ಫೋರ್‌ವೀಲ್ ಲಿವರ್ ಮುಟ್ಟಬೇಡಿ. ಬಿಲ್ ನೋಡಿ ನಂಬಬೇಡಿ. ನನ್ನ ಬಿಲ್‌ನಲ್ಲಿ ಎರಡೂ ಆಕ್ಸಲ್‌ಗಳಿಗೆ 4.10 ಎಂದೇ ಬರೆದಿತ್ತು. ಒಳಗೆ ಇದ್ದದ್ದು ಬೇರೆಯೇ.

ನಾನು 29 ಇಂಚಿನ ಟೈರ್ ತೆಗೆಸಿ 32 ಇಂಚಿನದು ಹಾಕಿಸಿದ್ದೆ. ಟೈರ್ ದೊಡ್ಡದಾದರೆ ಚಕ್ರದ ಒಂದೊಂದು ಸುತ್ತಿಗೂ ಎಂಜಿನ್ ಹೆಚ್ಚು ದೂರ ಎಳೆಯಬೇಕು. ಏರಿನಲ್ಲಿ ಮೇಲಿನ ಗೇರ್ ನಿಲ್ಲುವುದೇ ಇಲ್ಲ. ಹಳೆಯ ಅನುಪಾತ 3.73. ಅದನ್ನು 32ರಿಂದ ಗುಣಿಸಿ 29ರಿಂದ ಭಾಗಿಸಿದರೆ 4.1ರ ಆಸುಪಾಸು ಬರುತ್ತದೆ. ಹೀಗಾಗಿ 4.10ರ ಕ್ರೌನ್ ವೀಲ್ (ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ಜೋಡಿಯನ್ನು ಎರಡೂ ಆಕ್ಸಲ್‌ಗಳಿಗೆ ಹಾಕಿಸುವುದೆಂದು ವರ್ಕ್‌ಶಾಪ್‌ನವರೊಂದಿಗೆ ಮಾತಾಗಿತ್ತು.

ವಾಹನ ಕೈಗೆ ಬಂದಾಗ ರಸ್ತೆಯ ಮೇಲೆ ಹಿತವಾಗಿಯೇ ಓಡಿತು. ಎಳೆತ ಮರಳಿ ಬಂದಿತ್ತು. ಸ್ಪೀಡೋಮೀಟರ್ ಕೂಡ ಸರಿಯಾದ ವೇಗ ತೋರಿಸುತ್ತಿತ್ತು. ಅದನ್ನೇ ಮುಂದಿಟ್ಟು ವರ್ಕ್‌ಶಾಪ್‌ನವರು, ‘ನೋಡಿ, ಕೆಲಸ ಪಕ್ಕಾ ಆಗಿದೆ’ ಎಂದರು. ಇಲ್ಲಿ ಒಂದು ವಿಷಯ ತಿಳಿದಿರಲಿ. ನನ್ನ ವಾಹನದಲ್ಲಿ ವೇಗದ ಸೆನ್ಸರ್ ಇರುವುದು ಟ್ರಾನ್ಸ್‌ಫರ್ ಕೇಸಿನ, ಅಂದರೆ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಕಳಿಸುವ ಪೆಟ್ಟಿಗೆಯ, ಹಿಂಬದಿಯಲ್ಲಿ. ಅದು ಅಳೆಯುವುದು ಅಲ್ಲಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ತಿರುಗುವಿಕೆಯನ್ನು ಮಾತ್ರ. ಮುಂದಿನ ಆಕ್ಸಲ್‌ನಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಎರಡು ಚಕ್ರಗಳ ಚಾಲನೆಯಲ್ಲಿ ಮುಂದಿನ ಡಿಫರೆನ್ಷಿಯಲ್ (ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಘಟಕ) ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ಯಾವ ದೂರನ್ನೂ ಹೇಳುವುದಿಲ್ಲ. ಅನುಪಾತದ ವ್ಯತ್ಯಾಸ ತಿಂಗಳುಗಟ್ಟಲೆ ಅಡಗಿ ಕೂರಬಲ್ಲದು.

ಅದು ಹೊರಬಿದ್ದದ್ದು ಫೋರ್‌ವೀಲ್ ಹಾಕಿದ ಮೇಲೆ. ಮೊದಲು ಕೆಸರಿನ ಹಾದಿ. ಅಲ್ಲಿ ಒಂದಿಷ್ಟು ಜಗ್ಗಾಟ ಬಿಟ್ಟರೆ ಬೇರೇನೂ ಅನ್ನಿಸಲಿಲ್ಲ. ಕೆಸರು ಮುಗಿದು ಬಂಡೆಯ ಹಾಸಿನ ಮೇಲೆ ಹತ್ತಿದ್ದೇ ತಡ, ಯಾರೋ ಬ್ರೇಕ್ ಹಿಡಿದು ನಿಲ್ಲಿಸಿದಂತೆ ವಾಹನ ಬಿಗಿಯಿತು. ಸ್ಟಿಯರಿಂಗ್ ಕಲ್ಲಿನಂತಾಯಿತು, ಮುಂದಿನ ಟೈರ್‌ಗಳು ಕೀರಲು ಸದ್ದಿನೊಂದಿಗೆ ಉಜ್ಜತೊಡಗಿದವು. ನಿಲ್ಲಿಸಿ ಲಿವರ್ ಎಳೆದರೆ ಅದು ಕದಲಲೊಲ್ಲದು. ಬಿಗಿ ಸಡಿಲವಾಗಲಿ ಎಂದು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಲು ಹೊರಟಾಗ ಕೆಳಗಿನಿಂದ ಸಿಡಿದಂತಹ ಒಂದು ಸದ್ದು ಬಂತು. ಟ್ರಾನ್ಸ್‌ಫರ್ ಕೇಸಿನ ಚೈನ್ ಹಲ್ಲು ಹಾರಿತ್ತು. ಆಮೇಲೆ ಬಿಚ್ಚಿ ನೋಡಿದಾಗ ಚೈನ್ ಜೋತು ಬಿದ್ದಿತ್ತು, ಕೇಸಿನ ಒಳಮೈಯನ್ನು ಅದು ಕೆರೆದ ಗುರುತುಗಳಿದ್ದವು. ಇದೇ ಬಿಗಿ ಕಡಿದಾದ ಇಳಿಜಾರಿನ ತಿರುವಿನಲ್ಲಿ ಬಂದಿದ್ದರೆ ವಾಹನ ತಿರುಗುತ್ತಲೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ.

ಕಾರಣ ಕಂಡುಹಿಡಿಯಲು ಹೆಚ್ಚೇನೂ ಬೇಕಾಗಲಿಲ್ಲ. ವಾಹನವನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ, ಅದರ ನೇರಕ್ಕೆ ಡಿಫರೆನ್ಷಿಯಲ್ ಕೇಸಿನ ಮೇಲೆ ಇನ್ನೊಂದು ಗೆರೆ ಎಳೆದೆವು. ಸಾಮಾನ್ಯ ಡಿಫರೆನ್ಷಿಯಲ್ ಆದ್ದರಿಂದ ಒಂದು ಚಕ್ರವನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಆಗ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಲಿಮಿಟೆಡ್ ಸ್ಲಿಪ್ (ಚಕ್ರಗಳ ವೇಗದ ವ್ಯತ್ಯಾಸಕ್ಕೆ ಮಿತಿ ಹಾಕುವ ಡಿಫರೆನ್ಷಿಯಲ್) ಇದ್ದವರು ಎರಡೂ ಚಕ್ರಗಳನ್ನು ಒಂದೇ ದಿಕ್ಕಿಗೆ ಒಂದು ಸುತ್ತು ತಿರುಗಿಸಿದರಾಯಿತು. ಹಿಂದೆ ಶಾಫ್ಟ್ ನಾಲ್ಕು ಸುತ್ತು ಮುಗಿಸಿ ಗೆರೆ ಸ್ವಲ್ಪ ಮುಂದೆ ಹೋಗಿ ನಿಂತಿತು. ಮುಂದಿನ ಆಕ್ಸಲ್‌ನಲ್ಲೂ ಹಾಗೆಯೇ ಮಾಡಿದೆವು. ಅಲ್ಲಿ ನಾಲ್ಕನೆಯ ಸುತ್ತು ಪೂರ್ತಿಯಾಗಲೇ ಇಲ್ಲ. ಕಾಲು ಸುತ್ತಿಗಿಂತ ತುಸು ಹೆಚ್ಚೇ ಬಾಕಿ ಉಳಿಯಿತು. ಅಂದರೆ 3.73.

ಮುಚ್ಚಳ ತೆಗೆದು ಕ್ರೌನ್ ವೀಲ್ ಅಂಚಿನಲ್ಲಿ ಒತ್ತಿದ್ದ ಅಂಕಿಗಳನ್ನು ಓದಿದಾಗ ಎಲ್ಲವೂ ಸ್ಪಷ್ಟವಾಯಿತು. ಹಿಂದೆ 41 ಮತ್ತು 10, ಮುಂದೆ 41 ಮತ್ತು 11. ವರ್ಕ್‌ಶಾಪ್‌ನವರು ಕ್ರೌನ್ ವೀಲ್‌ನ ಹಲ್ಲುಗಳನ್ನಷ್ಟೇ ಎಣಿಸಿ, ಎರಡರಲ್ಲೂ 41 ಇದೆ, ಜೋಡಿ ಸರಿಯಾಗಿದೆ ಎಂದು ಕೂರಿಸಿಬಿಟ್ಟಿದ್ದರು. ಅನುಪಾತ ಬರುವುದು ಕ್ರೌನ್ ವೀಲ್ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದಾಗ. 41ನ್ನು 10ರಿಂದ ಭಾಗಿಸಿದರೆ 4.10, 11ರಿಂದ ಭಾಗಿಸಿದರೆ 3.73. ಪಿನಿಯನ್‌ನ ಒಂದೇ ಒಂದು ಹಲ್ಲಿನ ವ್ಯತ್ಯಾಸ. ಫೋರ್‌ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟ್‌ಗಳನ್ನು ಸಮವಾಗಿ ತಿರುಗಿಸುವುದರಿಂದ, ಹಿಂದಿನ ಚಕ್ರ 10 ಸುತ್ತು ಹೋಗುವಷ್ಟರಲ್ಲಿ ಮುಂದಿನದು 11 ಸುತ್ತು ಹೋಗಲೇಬೇಕು. ಕೆಸರಿನಲ್ಲಿ ಟೈರ್ ಜಾರಿ ಆ ಹೆಚ್ಚುವರಿ ಸುತ್ತು ಕಳೆದುಹೋಗುತ್ತದೆ. ಗಟ್ಟಿ ನೆಲ ಜಾರಗೊಡುವುದಿಲ್ಲ, ಹಾಗಾಗಿ ಅದೆಲ್ಲ ಶಾಫ್ಟ್ ಮತ್ತು ಚೈನ್‌ನಲ್ಲಿ ತಿರುಚಾಗಿ ಸೇರಿಕೊಳ್ಳುತ್ತಾ ಹೋಗುತ್ತದೆ. 4.10 ಮತ್ತು 4.11ರಂತಹ ಜೋಡಿಯನ್ನು ಕಂಡರೆ ಗಾಬರಿ ಬೇಡ. ಅಲ್ಲಿನ ಅಂತರ ಶೇಕಡಾ ಕಾಲರಷ್ಟು, ಟೈರ್ ಸವೆತದ ವ್ಯತ್ಯಾಸವೇ ಅದಕ್ಕಿಂತ ಹೆಚ್ಚಿರುತ್ತದೆ. ಶೇಕಡಾ 10 ಎಂಬುದು ಯಂತ್ರವನ್ನೇ ಮುರಿಯುವ ಅಂತರ.

ಹಿಂದಿನ ಆಕ್ಸಲ್‌ನ ಅನುಪಾತ ಸರಿಯಿದ್ದರೂ ಕೆಲಸ ಸರಿಯಿರಲಿಲ್ಲ. ಮೊದಲ ದಿನದಿಂದಲೂ ವೇಗ ಏರಿದಂತೆ ಹಿಂದಿನಿಂದ ಊಳಿಡುವ ಸದ್ದು ಬರುತ್ತಿತ್ತು. ‘ಹೊಸ ಗೇರ್, ಓಡುತ್ತಾ ಓಡುತ್ತಾ ಕೂತುಕೊಳ್ಳುತ್ತದೆ’ ಎಂಬ ಉತ್ತರ ಸಿಕ್ಕಿತ್ತು. ಈ ಮಾತನ್ನು ಯಾರೇ ಹೇಳಲಿ, ಒಪ್ಪಬೇಡಿ. ತಪ್ಪಾಗಿ ಕೂರಿಸಿದ ಗೇರ್ ಓಡಿದಷ್ಟೂ ಸವೆಯುತ್ತದೆಯೇ ಹೊರತು ಸರಿಹೋಗುವುದಿಲ್ಲ. ಬೇರೆ ಮೆಕ್ಯಾನಿಕ್ ಒಬ್ಬರು ಹಲ್ಲುಗಳಿಗೆ ಗುರುತಿನ ಬಣ್ಣ ಬಳಿದು ತಿರುಗಿಸಿ ತೋರಿಸಿದರು. ಹಲ್ಲಿನ ನಡುಭಾಗದಲ್ಲಿ ಬೀಳಬೇಕಾದ ಅಚ್ಚು ಬುಡಕ್ಕೆ ಇಳಿದಿತ್ತು. ಪಿನಿಯನ್ ಅತಿ ಒಳಗೆ ಕೂತಿತ್ತು. ಪಿನಿಯನ್‌ನ ಆಳ ಹೊಂದಿಸುವ ತೆಳು ಬಿಲ್ಲೆಯಾದ ಶಿಮ್‌ನ ದಪ್ಪ ಅಳೆದು ಬದಲಿಸಬೇಕಿತ್ತು, ಅಳೆದ ಕುರುಹೇ ಇರಲಿಲ್ಲ. ಪಿನಿಯನ್ ಬೇರಿಂಗ್‌ಗಳ ನಡುವಿನ ಕ್ರಷ್ ಸ್ಲೀವ್ (ಅದುಮಿದಾಗ ಕುಗ್ಗಿ ಬೇರಿಂಗ್‌ಗಳ ಬಿಗಿ ಹೊಂದಿಸುವ ಕೊಳವೆ) ಕೂಡ ಹಳೆಯದೇ. ಒಮ್ಮೆ ಅದುಮಿದ ಸ್ಲೀವ್ ಮತ್ತೆ ಬಿಗಿ ಹಿಡಿಯುವುದಿಲ್ಲ. ಪಿನಿಯನ್ ನಟ್‌ನಂತೆ ಅದನ್ನೂ ಪ್ರತಿ ಸಲ ಹೊಸದೇ ಹಾಕಬೇಕು.

ಪೂರ್ಣಕಾಲಿಕ ಆಲ್‌ವೀಲ್ ಡ್ರೈವ್ ಇರುವವರು ತಮಗೆ ಇದು ಸಂಬಂಧಿಸಿದ್ದಲ್ಲ ಎಂದುಕೊಳ್ಳಬಾರದು. ಮಧ್ಯದ ಡಿಫರೆನ್ಷಿಯಲ್ ಅಥವಾ ಕಪ್ಲಿಂಗ್ ಇರುವುದರಿಂದ ವಾಹನ ತಕ್ಷಣ ಬಿಗಿಯದೇ ಇರಬಹುದು. ಆದರೆ ತಿರುವಿನಲ್ಲಿ ಮಾತ್ರ ದುಡಿಯಬೇಕಾದ ಆ ಭಾಗ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಕಾದು ಹಾಳಾಗುತ್ತದೆ. ಎಂಜಿನ್ ಅಡ್ಡಲಾಗಿರುವ ಹಲವು ವಾಹನಗಳಲ್ಲಿ ಮುಂದಿನ ಫೈನಲ್ ಡ್ರೈವ್ ಗೇರ್‌ಬಾಕ್ಸ್‌ನೊಳಗೇ ಇರುತ್ತದೆ, ಹಿಂದಕ್ಕೆ ಶಕ್ತಿ ಕಳಿಸುವ ಘಟಕಕ್ಕೂ ತನ್ನದೇ ಅನುಪಾತವಿರುತ್ತದೆ. ಅಲ್ಲಿ ಎರಡೂ ಕಡೆಯ ಒಟ್ಟು ಅನುಪಾತವನ್ನೇ ಲೆಕ್ಕ ಹಾಕಬೇಕು, ಬಿಡಿ ಅಂಕಿಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಗೇರ್ ತರಿಸುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಈಗಿರುವ ಕ್ಯಾರಿಯರ್‌ಗೆ (ಕ್ರೌನ್ ವೀಲ್ ಕೂರುವ ಚೌಕಟ್ಟಿಗೆ) ಹೊಸ ಅನುಪಾತ ಹೊಂದುತ್ತದೆಯೇ? ಉದಾಹರಣೆಗೆ ಡಾನಾ 44 ಎಂಬ ಮಾದರಿಯ ಆಕ್ಸಲ್‌ನಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲಕ್ಕೆ ಇನ್ನೊಂದು. ಡಾನಾ 30ರಲ್ಲಿ ಆ ಗಡಿ 3.54 ಮತ್ತು 3.73ರ ನಡುವೆ. ಪೆಟ್ಟಿಗೆ ಬಂದಾಗ ನೀವೇ ಮುಂದೆ ನಿಂತು ತೆರೆಸಿ. ಕ್ರೌನ್ ವೀಲ್ ಮತ್ತು ಪಿನಿಯನ್ ಎರಡರ ಹಲ್ಲುಗಳನ್ನೂ ಎಣಿಸಿ, ಎರಡರ ಮೇಲೂ ಒತ್ತಿರುವ ಜೋಡಿ ಸಂಖ್ಯೆ ಒಂದೇ ಇದೆಯೇ ನೋಡಿ. ಮುಚ್ಚಳ ಹಾಕುವ ಮೊದಲು ಬಣ್ಣದ ಅಚ್ಚಿನ ಫೋಟೊ ಮತ್ತು ಬ್ಯಾಕ್‌ಲ್ಯಾಶ್ (ಕೂಡುವ ಹಲ್ಲುಗಳ ನಡುವಿನ ಸಡಿಲು) ಅಳತೆಯನ್ನು ಬರಹದಲ್ಲಿ ಪಡೆಯಿರಿ. ಬ್ಯಾಕ್‌ಲ್ಯಾಶ್ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್ ಒಳಗಿರಬೇಕು. ಇದನ್ನೆಲ್ಲ ಕೊಡಲು ಹಿಂಜರಿಯುವವರಿಗೆ ಆಕ್ಸಲ್ ಕೊಡಲೇಬೇಡಿ.

ನನ್ನ ವಾಹನದ ಮುಂದಿನ ಗೇರ್ ಜೋಡಿ, ಹಿಂದಿನ ಬೇರಿಂಗ್‌ಗಳು, ಚೈನ್, ಟ್ರಾನ್ಸ್‌ಫರ್ ಕೇಸಿನ ಅರ್ಧಭಾಗ ಎಲ್ಲವನ್ನೂ ಹೊಸದಾಗಿ ಹಾಕಿಸಬೇಕಾಯಿತು. ಮೊದಲ ವರ್ಕ್‌ಶಾಪ್‌ನವರು ಸೀಮೆಸುಣ್ಣದ ಗೆರೆಗಳ ವಿಡಿಯೊ ನೋಡಿದ ಮೇಲೆ ಕೂಲಿ ಹಿಂದಿರುಗಿಸಿದರು, ಬಿಡಿಭಾಗಗಳ ಹಣ ಕೊಡಲಿಲ್ಲ. ಈಗ ಹೊಸ ಗೇರ್‌ಗಳನ್ನು ಮೆಲ್ಲಗೆ ಪಳಗಿಸುತ್ತಿದ್ದೇನೆ. ಮೊದಲ ಓಟ 25–30 ಕಿಲೋಮೀಟರ್ ಮಾತ್ರ, ಆಮೇಲೆ ಪೂರ್ತಿ ತಣ್ಣಗಾಗಲು ಬಿಡಬೇಕು. 800 ಕಿಲೋಮೀಟರ್ ಆಗುವವರೆಗೆ ಭಾರ ಎಳೆಯುವಂತಿಲ್ಲ. ಅಷ್ಟಾದ ಮೇಲೆ ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ಬದಲಾಯಿಸಿ, ಹಳೆಯ ಎಣ್ಣೆಯಲ್ಲಿ ಲೋಹದ ಚೂರುಗಳಿವೆಯೇ ಎಂದು ನೋಡಬೇಕು.